ಅಬಿಸ್ಕೊ ಹೊಳೆಯ ದಂಡೆಯಲ್ಲಿ ನಡೆಯಲಿರುವವರಿಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಉತ್ತರ ಸ್ವೀಡನ್ನಿಗೆ ಹೊರಟಿರುವವರು ಅಬಿಸ್ಕೊ ಹೊಳೆಯ ಬಗ್ಗೆ ವಿಚಾರಿಸಿದ್ದರಿಂದ ಈ ವಿವರಗಳನ್ನು ಎಲ್ಲರ ಗಮನಕ್ಕೆ ತರುತ್ತಿದ್ದೇನೆ.

ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರದಲ್ಲಿರುವ ಈ ಹೊಳೆಯು, ಸಮುದ್ರಮಟ್ಟದಿಂದ 487 ಮೀಟರ್ ಎತ್ತರದಲ್ಲಿರುವ ಅಬಿಸ್ಕೊಯೌರೆ ಸರೋವರದಿಂದ ಹೊರಬಿದ್ದು, ಅಗಲವಾದ ಕಣಿವೆಯಲ್ಲಿ ಉತ್ತರಾಭಿಮುಖವಾಗಿ ಹರಿದು, 341 ಮೀಟರ್ ಎತ್ತರದಲ್ಲಿರುವ ಟೋರ್ನೆಟ್ರೆಸ್ಕ್ ಸರೋವರವನ್ನು ಸೇರುತ್ತದೆ. ಆ ನೀರೇ ಮುಂದೆ ಟೋರ್ನೆ ನದಿಯಾಗಿ ಬೋತ್ನಿಯಾ ಕೊಲ್ಲಿಯನ್ನು ಮುಟ್ಟುತ್ತದೆ. ಹೊಳೆಯು ಟೋರ್ನೆಟ್ರೆಸ್ಕ್ ಸರೋವರವನ್ನು ಸೇರುವ ಮುನ್ನ ಬಂಡೆಯನ್ನು ಕೊರೆದು ಮಾಡಿಕೊಂಡಿರುವ ಕಡಿದಾದ ಕಮರಿಯೇ, ನನ್ನ ಮಟ್ಟಿಗೆ, ಇಡೀ ಹಾದಿಯಲ್ಲಿ ಅತ್ಯಂತ ನೋಡತಕ್ಕ ಜಾಗ: ಅಲ್ಲಿ ಪದರ ಪದರವಾದ ಕಲ್ಲಿನ ಗೋಡೆಗಳ ನಡುವೆ ನೀರು ನೊರೆಗಟ್ಟಿ ಧುಮುಕುತ್ತದೆ, ಬಿರುಕುಗಳಲ್ಲಿ ಬೇರೂರಿದ ಬರ್ಚ್ ಗಿಡಗಳು ಪ್ರಪಾತದ ಮೇಲೆ ವಾಲಿಕೊಂಡಿರುತ್ತವೆ.

ನಾರ್ವೆಯ ಗಡಿಯ ಪರ್ವತಗಳು ಅಟ್ಲಾಂಟಿಕ್ ಕಡೆಯ ತೇವವನ್ನು ತಡೆಯುವುದರಿಂದ ಇಲ್ಲಿ ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ-ಹಿಮವಷ್ಟೇ ಬೀಳುತ್ತದೆ. ಆದರೂ ಬೇಸಿಗೆಯಲ್ಲಿ ಹಿಮ ಕರಗಿ ಹೊಳೆ ಮೈದುಂಬಿಕೊಳ್ಳುತ್ತದೆ. ದಂಡೆಯ ಬರ್ಚ್ ಮರಗಳು ಕುಳ್ಳಾಗಿ, ಸೊಟ್ಟಗಾಗಿ ಬೆಳೆಯುತ್ತವೆ. ಕೆಲವು ವರ್ಷಗಳಿಗೊಮ್ಮೆ ಪತಂಗದ ಹುಳುಗಳು ಅವುಗಳ ಎಲೆಗಳನ್ನೆಲ್ಲ ತಿಂದು ಬೋಳು ಮಾಡುವುದೂ ಉಂಟು. ಸೊಳ್ಳೆಗಳ ಕಾಟ ವಿಪರೀತವಾದ್ದರಿಂದ ಮುಖಕ್ಕೆ ಪರದೆ ಇಟ್ಟುಕೊಳ್ಳಿ.

ಹೊಳೆಯ ಈ ಕಣಿವೆ 1909ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಡೇರೆ ಹಾಕಬಹುದು. ಹೊಳೆಯ ಜೊತೆಯಲ್ಲೇ ಸಾಗುವ ಕುಂಗ್ಸ್‌ಲೇಡೆನ್ ಕಾಲುದಾರಿಯಲ್ಲಿ ಅಬಿಸ್ಕೊಯೌರೆ ಸರೋವರದವರೆಗೆ ಸುಮಾರು 15 ಕಿ.ಮೀ. ನಡೆಯಬೇಕಾಗುತ್ತದೆ. ಜುಲೈ ಮಧ್ಯಭಾಗದವರೆಗೆ ಸೂರ್ಯ ಮುಳುಗುವುದಿಲ್ಲವಾದ್ದರಿಂದ ಕತ್ತಲಾಗುವ ಚಿಂತೆ ಬೇಡ. ಮಲಗುವಾಗ ಕಣ್ಣಿಗೆ ಪಟ್ಟಿ ಮಾತ್ರ ಬೇಕಾಗುತ್ತದೆ.