60 ಪೌಂಡಿನ ಬಿಲ್ಲು ಕೊಂಡ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಹೊಸ ಬಿಲ್ಲಿನ ಫೋಟೋ ನೋಡಿದೆ. ಚೆಂದ ಇದೆ. ವಾಪಸ್ ಕೊಟ್ಟುಬಿಡು.

ಕೋಪ ಮಾಡ್ಕೋಬೇಡ. ಪೂರ್ತಿ ಎಳೆಯಲು 60 ಪೌಂಡ್ ಬಲ ಬೇಡುವ ರಿಕರ್ವ್ ಬಿಲ್ಲನ್ನು, ಅಂದರೆ ತುದಿ ಮುಂದಕ್ಕೆ ಬಾಗಿದ ಬಿಲ್ಲನ್ನು, ನೀನು ಎಳೆಯಬಲ್ಲೆ, ಗೊತ್ತು. ಅಂಗಡಿಯಲ್ಲಿ ನಿಂತು ಹತ್ತು ಸಲವಾದರೂ ಎಳೆದೀಯ. ಆದರೆ ಕಾಡಿನಲ್ಲಿ ಕೆಲಸ ಬೇರೆ. ಚಳಿಯ ಬೆಳಗ್ಗೆ ಮೂರು ಗಂಟೆ ಅಲ್ಲಾಡದೆ ಕೂತಿರುತ್ತೀಯ. ಬೆರಳು ಮರಗಟ್ಟಿರುತ್ತವೆ. ಹದಿನೈದು ಹೆಜ್ಜೆ ದೂರದಲ್ಲಿ ಜಿಂಕೆ ನಿಂತಿದೆ. ಅದಕ್ಕೆ ಕಾಣದ ಹಾಗೆ ಮೆಲ್ಲಗೆ ಎಳೆಯಬೇಕು. ಅದು ಮುಂಗಾಲು ಮುಂದಿಡಲಿ ಅಂತ ಎಳೆದದ್ದನ್ನು ಹಾಗೇ ಹಿಡಿದಿರಬೇಕು. ಕಾಂಪೌಂಡ್ ಬಿಲ್ಲಾದರೆ ತುದಿಯ ಚಕ್ರಗಳು ಆ ಹೊತ್ತಿನಲ್ಲಿ ಮುಕ್ಕಾಲು ಪಾಲು ಭಾರ ಇಳಿಸುತ್ತವೆ. ನಮ್ಮ ಬಿಲ್ಲಿನಲ್ಲಿ ಅಂಥ ಸೌಕರ್ಯ ಇಲ್ಲ. ಎಳೆದಷ್ಟೂ ಭಾರ ಜಾಸ್ತಿ, ಕೊನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ತೋಳು ನಡುಗಿತು ಅಂದರೆ ಬಾಣ ಪಕ್ಕೆಗೆ ಹೋಗುತ್ತೋ ಹೊಟ್ಟೆಗೆ ಹೋಗುತ್ತೋ ಹೇಳಲಾಗದು.

ಜಿಂಕೆಗೆ 45 ಪೌಂಡ್ ಸಾಕು, ಮಾರಾಯ. ಬಿಲ್ಲಿನ ಮೇಲೆ ಬರೆದಿರುವ ಪೌಂಡು 28 ಇಂಚು ಎಳೆದಾಗಿನ ಲೆಕ್ಕ. ನಿನ್ನ ಎಳೆತ 28 ಇಂಚು ಇಲ್ಲದಿದ್ದರೆ ಆ ಅಂಕಿಯೂ ನಿನ್ನದಲ್ಲ. ಒಂದೊಂದು ಇಂಚಿಗೆ ಎರಡು ಮೂರು ಪೌಂಡು ಏರುತ್ತೆ, ಇಳಿಯುತ್ತೆ. ಅದಕ್ಕೇ ಮೊದಲು ಯಾರ ಕೈಲಾದರೂ ಅಳತೆ ತೆಗೆಸು. ಅಳತೆ ಆಗುವಾಗ ಎದೆ ಉಬ್ಬಿಸಿ ಚಾಚಬೇಡ, ಸುಮ್ನೆ ದಿನಾ ನಿಲ್ಲುವ ಹಾಗೆ ನಿಲ್ಲು.

ನಿನ್ನ ಪತ್ರದ ತುಂಬ ಬಿಲ್ಲಿನ ಮಾತೇ ಇದೆ. ಬಾಣದ ಬಗ್ಗೆ ಒಂದು ಸಾಲೂ ಇಲ್ಲ. ಎಲ್ಲರೂ ಹೀಗೇ ಶುರು ಮಾಡೋದು, ನಾನೂ ಹಾಗೇ ಮಾಡಿದ್ದೆ. ಆದರೆ ಪ್ರಾಣಿಯನ್ನು ಮುಟ್ಟುವುದು ಬಾಣ. ಬಿಲ್ಲು ನಿನ್ನ ಕೈಯಲ್ಲೇ ಉಳಿಯುತ್ತೆ.

ಬಾಣದ ಕಡ್ಡಿ ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಸ್ಪೈನ್ ಅನ್ನುತ್ತಾರೆ. ಮರದ ಕಡ್ಡಿಯಾದರೆ 26 ಇಂಚು ಅಂತರದ ಎರಡು ಆಧಾರದ ಮೇಲೆ ಮಲಗಿಸಿ, ನಡುವೆ ಎರಡು ಪೌಂಡ್ ತೂಕ ನೇತುಹಾಕಿ, ಎಷ್ಟು ಜಗ್ಗಿತು ಅಂತ ನೋಡುತ್ತಾರೆ. ಹೆದೆ ಬಿಟ್ಟ ಕೂಡಲೇ ಬಾಣ ನೆಟ್ಟಗೆ ಹೋಗುತ್ತೆ ಅಂದುಕೊಂಡಿದ್ದೀಯಲ್ಲ, ಹೋಗುವುದಿಲ್ಲ. ಹಾವಿನ ಹಾಗೆ ಬಳುಕಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಆಚೆ ಹೋಗಿ, ಆಮೇಲೆ ನೆಟ್ಟಗಾಗುತ್ತೆ. ಕಡ್ಡಿ ತೀರಾ ಬಿರುಸಾದರೆ ಬಲಗೈಯವನ ಬಾಣ ಎಡಕ್ಕೆ ಹೋಗುತ್ತೆ. ತೀರಾ ಮೆದುವಾದರೆ ಬಲಕ್ಕೆ. ನಾನು ಒಂದು ಬೇಸಿಗೆ ಪೂರ್ತಿ ನನ್ನ ಬೆರಳನ್ನು ಬೈದುಕೊಂಡಿದ್ದೆ. ತಪ್ಪು ಕಡ್ಡಿಯದ್ದಾಗಿತ್ತು.

ತೂಕದ ವಿಷಯದಲ್ಲಿ ಜಿಪುಣತನ ಬೇಡ. ಬಿಲ್ಲಿನ ಒಂದೊಂದು ಪೌಂಡಿಗೆ ಹತ್ತು ಗ್ರೇನ್ ಅನ್ನೋದು ಹಳೆಯ ಲೆಕ್ಕ. 45 ಪೌಂಡಿಗೆ 450 ಗ್ರೇನ್, ಅಂದರೆ ಸುಮಾರು 29 ಗ್ರಾಂ. ಹಗುರ ಬಾಣ ವೇಗವಾಗಿ ಹೋಗುತ್ತೆ, ನಿಜ. ಆದರೆ ಬಿಲ್ಲು ಚಟಾರ್ ಅನ್ನುತ್ತೆ, ಪಕ್ಕೆಲುಬಿಗೆ ತಾಗಿದರೆ ಬಾಣ ಒಳಗೆ ಇಳಿಯುವುದಿಲ್ಲ. ಗರಿ ಮಾತ್ರ ಹಕ್ಕಿಯದ್ದೇ ಇರಲಿ. ಪ್ಲಾಸ್ಟಿಕ್ ರೆಕ್ಕೆ ಬಿಲ್ಲಿನ ಪಕ್ಕ ಹಾದುಹೋಗುವಾಗ ತಗುಲಿ ಬಾಣವನ್ನು ಒದೆಯುತ್ತೆ, ಹಕ್ಕಿಯ ಗರಿ ಮಡಚಿಕೊಂಡು ದಾರಿ ಕೊಡುತ್ತೆ. ಟರ್ಕಿ ಕೋಳಿಯ ರೆಕ್ಕೆಗರಿ ಒಳ್ಳೆಯದು. ಒಂದೇ ಬಾಣಕ್ಕೆ ಎಡರೆಕ್ಕೆಯದ್ದನ್ನೂ ಬಲರೆಕ್ಕೆಯದ್ದನ್ನೂ ಬೆರೆಸಬೇಡ. ಎರಡರ ಬಾಗು ಬೇರೆ ಬೇರೆ ಕಡೆಗೆ. ಬಾಣ ಯಾವ ಕಡೆ ತಿರುಗಲಿ ಅಂತ ಗೊತ್ತಾಗದೆ ಒದ್ದಾಡುತ್ತೆ.

ಈಗ ಅಲಗು. ಇದನ್ನು ನಿಧಾನವಾಗಿ ಓದು. ಗುಂಡು ಕೊಲ್ಲುವ ಬಗೆ ಒಂದು, ಬಾಣ ಕೊಲ್ಲುವ ಬಗೆ ಇನ್ನೊಂದು. ಬಾಣಕ್ಕೆ ಅಪ್ಪಳಿಸುವ ಶಕ್ತಿ ಇಲ್ಲ. ಅದು ಕೊಯ್ಯುತ್ತೆ, ರಕ್ತ ಹರಿದು ಪ್ರಾಣ ಹೋಗುತ್ತೆ. ಮೊಂಡಾದ ಅಲಗು ರಕ್ತನಾಳವನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗಿಬಿಡಬಹುದು. ಹರಿದ ಹಾಗೆ ಆದ ಗಾಯದಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತೆ. ಹರಿತವಾದ ಅಲಗು ಕೊಯ್ದರೆ ಹರಿವು ನಿಲ್ಲುವುದಿಲ್ಲ, ಎಷ್ಟೋ ಸಲ ಏನಾಯಿತು ಅಂತ ಪ್ರಾಣಿಗೇ ತಿಳಿಯದು. ಬಾಣ ಆರಪಾರ ಹೋದ ಮೇಲೂ ಎರಡು ಬಾಯಿ ಮೇಯ್ದು, ನಾಲ್ಕು ಹೆಜ್ಜೆ ನಡೆದು ಕುಸಿದ ಜಿಂಕೆಯನ್ನು ನಾನು ನೋಡಿದ್ದೇನೆ. ಆದ್ದರಿಂದ ಎರಡಲಗಿನ ಗಟ್ಟಿ ಬ್ರಾಡ್‌ಹೆಡ್, ಅಂದರೆ ಬೇಟೆಗೆ ಹಾಕುವ ಅಗಲ ಮೊನೆ, ತಗೋ. ಪೆಟ್ಟಿಗೆಯಿಂದ ತೆಗೆದ ಹಾಗೇ ಬಳಸಬೇಡ, ಅರದಿಂದ ಉಜ್ಜಿ ಸಾಣೆಕಲ್ಲಿನ ಮೇಲೆ ಮಸೆ. ಒಂದು ರಬ್ಬರ್ ಬ್ಯಾಂಡನ್ನು ಎಳೆದು ಹಿಡಿದು ಅಂಚು ತಾಗಿಸು. ಒತ್ತದೆ ತುಂಡಾಗಬೇಕು. ಬತ್ತಳಿಕೆಯಲ್ಲಿ ಅಲಗಿಗೆ ಅಲಗು ತಾಕಿದರೂ ಮೊನಚು ಹೋಗುತ್ತೆ, ಮಂಜು ಬಿದ್ದರೂ ತುಕ್ಕು ಹಿಡಿಯುತ್ತೆ. ಹಿಂದಿನ ರಾತ್ರಿ ಮಸೆದಿದ್ದೆ ಅನ್ನುವ ಸಮಾಧಾನ ಬೆಳಗ್ಗೆಗೆ ಸಾಲದು. ಮತ್ತೆ ನೋಡು. ನಾನು ಪ್ರಾಣಿಗೆ ಮರ್ಯಾದೆ ಕೊಡುವುದು ಶುರುವಾಗುವುದೇ ಸಾಣೆಕಲ್ಲಿನ ಮುಂದೆ ಕೂತಾಗ.

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಒಬ್ಬ ಮನುಷ್ಯನ ದೇಹ ಸಿಕ್ಕಿತ್ತು, ನೆನಪಿದೆಯಾ? ಏಟ್ಸಿ ಅಂತ ಹೆಸರಿಟ್ಟರು. ಸುಮಾರು 5,300 ವರ್ಷ ಹಳೆಯವನು. ಅವನ ಹತ್ತಿರ ಯೂ ಮರದ ಬಿಲ್ಲಿತ್ತು, 1.8 ಮೀಟರ್ ಉದ್ದ, ಅವನಿಗಿಂತ ಎತ್ತರ. ಅದರ ಕೆತ್ತನೆ ಮುಗಿದಿರಲಿಲ್ಲ. ಬತ್ತಳಿಕೆಯಲ್ಲಿ 14 ಬಾಣ, ಅದರಲ್ಲಿ ಎರಡಕ್ಕೆ ಮಾತ್ರ ಮೊನೆ, ಗರಿ ಕೂಡಿಸಿ ಆಗಿತ್ತು. ಆ ಎರಡರಲ್ಲೂ ಮೂರು ಮೂರು ಗರಿ, ಬರ್ಚ್ ಮರದ ಅಂಟು. ನಾವು ಇವತ್ತು ಮಾಡುವುದೂ ಹೆಚ್ಚು ಕಡಿಮೆ ಅದನ್ನೇ. ಹತ್ತು ವರ್ಷದ ನಂತರ, 2001ರಲ್ಲಿ, ಎಕ್ಸ್-ರೇಯಲ್ಲಿ ಅವನ ಎಡ ಭುಜದೊಳಗೆ ಕಲ್ಲಿನ ಬಾಣದ ಮೊನೆ ಕಂಡಿತು. ಅರ್ಧ ಕೆಲಸವಾದ ಬಿಲ್ಲು ಹಿಡಿದು ಹೊರಟವನು, ಕೆಲಸ ಮುಗಿಸಿ ಬಂದವನ ಬಾಣಕ್ಕೆ ಸಿಕ್ಕ. ನನಗೆ ಪ್ರತಿ ವರ್ಷ ಬೇಟೆಯ ಕಾಲಕ್ಕೆ ಮುಂಚೆ ಅವನ ನೆನಪಾಗುತ್ತೆ. ಗರಿ ಅಂಟಿಸುವುದು ಬಾಕಿ ಇದ್ದರೆ ಇನ್ನೂ ಜಾಸ್ತಿ.

ಎಷ್ಟು ದೂರ ಹೊಡೆಯಬಹುದು ಅಂತ ಎರಡು ಸಲ ಕೇಳಿದ್ದೀಯ. ಬಾಣ ನೂರೈವತ್ತು ಗಜವೂ ಹೋಗುತ್ತೆ. ನೀನು ಹೊಡೆಯಬೇಕಾದದ್ದು ಹದಿನೈದು, ಬಹಳ ಆದರೆ ಇಪ್ಪತ್ತು. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ನಮ್ಮ ಬಾಣದ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಸದ್ದಿನ ವೇಗ 340. ಇಪ್ಪತ್ತು ಗಜ ಅಂದರೆ 18 ಮೀಟರ್. ಹೆದೆಯ ಸದ್ದು ಜಿಂಕೆಯ ಕಿವಿಗೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮುಟ್ಟಿರುತ್ತೆ. ಬಾಣಕ್ಕೆ ಮೂರನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಜಾಸ್ತಿ ಬೇಕು. ಆ ನಡುವಿನ ಹೊತ್ತಿನಲ್ಲಿ ಬೆದರಿದ ಜಿಂಕೆ ನೆಗೆಯಲು ಮೊದಲು ಮೈಯನ್ನು ಕೆಳಗೆ ಒತ್ತುತ್ತೆ. ನೀನು ಎದೆಗೆ ಇಟ್ಟ ಗುರಿ ಬೆನ್ನಿನ ಮೇಲೆ ಹಾರಿ ಹೋಗುತ್ತೆ, ಅಥವಾ ಬೆನ್ನನ್ನೇ ಸೀಳುತ್ತೆ. ದೂರ ಹೆಚ್ಚಿದಷ್ಟೂ ಆ ಹೊತ್ತು ಹೆಚ್ಚುತ್ತೆ. ಹೆದೆಗೆ ಎರಡು ಉಣ್ಣೆಯ ಉಂಡೆ ಕಟ್ಟು, ಜೇನುಮೇಣ ಸವರು, ಹೆದೆಗೂ ಹಿಡಿಗೂ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಎಲ್ಲಿ ಸದ್ದು ಕಡಿಮೆಯೋ ಅಲ್ಲಿ ನಿಲ್ಲಿಸು. ಆದರೂ ಜಿಂಕೆಯ ಕಿವಿಗೆ ಅದು ಕೇಳುತ್ತೆ. ತಲೆ ಎತ್ತಿ ಬಿಗಿದು ನಿಂತ ಜಿಂಕೆಗೆ ಬಾಣ ಬಿಡಲೇಬೇಡ.

ಅಷ್ಟು ಹತ್ತಿರ ಹೋಗಬೇಕಾದರೆ ಗಾಳಿ ಗೊತ್ತಿರಬೇಕು. ಬೆಳಗ್ಗೆ ನೆಲ ಕಾದ ಹಾಗೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹೋಗುತ್ತೆ, ಸಂಜೆ ತಣಿದ ಹಾಗೆ ಕೆಳಕ್ಕೆ ಜಾರುತ್ತೆ. ಜೇಬಿನಲ್ಲಿ ಎಕ್ಕದ ಕಾಯಿಯ ಹತ್ತಿಯಂಥದ್ದು ಸ್ವಲ್ಪ ಇಟ್ಟುಕೊಂಡು ಆಗಾಗ ಒಂದೆಳೆ ಬಿಡು. ಅದು ಎಲ್ಲಿ ಹೋಯಿತೋ ಅಲ್ಲಿಗೆ ನಿನ್ನ ವಾಸನೆ ಹೋಗಿದೆ. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಗೆ ಉಳಿದವನು ಇಶಿ. 1911ರಲ್ಲಿ ಕಾಡಿನಿಂದ ಒಬ್ಬನೇ ಹೊರಗೆ ಬಂದ. ಸ್ಯಾಕ್ಸ್ಟನ್ ಪೋಪ್ ಅನ್ನುವ ವೈದ್ಯ ಅವನಿಂದ ಬಿಲ್ವಿದ್ಯೆ ಕಲಿತ. ಬೇಟೆಯ ಹಿಂದಿನ ದಿನ ಇಶಿ ಮೀನು ಮುಟ್ಟುತ್ತಿರಲಿಲ್ಲ, ಹೊಗೆ ಸೇದುತ್ತಿರಲಿಲ್ಲ ಅಂತ ಪೋಪ್ ಬರೆದಿಟ್ಟಿದ್ದಾನೆ. ಬೆಳಗ್ಗೆ ಹಳ್ಳದಲ್ಲಿ ಮಿಂದು, ಪರಿಮಳದ ಸೊಪ್ಪು ಮೈಗೆ ಉಜ್ಜಿಕೊಂಡು, ಬಾಯಿ ತೊಳೆದು, ಏನೂ ತಿನ್ನದೆ ಹೊರಡುತ್ತಿದ್ದನಂತೆ. ಅದು ವ್ರತವೋ ವಾಸನೆಯ ಉಪಾಯವೋ ಅಂತ ಜನ ವಾದ ಮಾಡುತ್ತಾರೆ. ಎರಡನ್ನೂ ಬೇರೆ ಮಾಡಿ ನೋಡುವ ಅಗತ್ಯ ಅವನಿಗಂತೂ ಇದ್ದಿರಲಾರದು. ನೀನು ಸೋಪು, ಸೆಂಟು ಬಿಟ್ಟರೆ ಸದ್ಯಕ್ಕೆ ಸಾಕು.

ಗುರಿ ಇಡುವ ಜಾಗ ಒಂದೇ: ಮುಂಗಾಲಿನ ಹಿಂದೆ, ಹೊಟ್ಟೆಯ ಅಂಚಿನಿಂದ ಮೂರನೇ ಒಂದು ಭಾಗ ಮೇಲೆ. ಶ್ವಾಸಕೋಶ, ಗುಂಡಿಗೆ ಅಲ್ಲಿವೆ. ಜಿಂಕೆ ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ಮುಖ ತಿರುಗಿಸಿರಬೇಕು. ಎದುರು ಮುಖ ಮಾಡಿದ್ದರೆ ಬೇಡ. ಬೆನ್ನು ತೋರಿಸಿದ್ದರೆ ಬೇಡ. ಪೊದೆಯ ಹಿಂದಿದ್ದರೆ ಬೇಡ. ಶಬ್ದವೇಧಿ ಕಥೆಯಲ್ಲಿ ದೊಡ್ಡ ವಿದ್ಯೆ, ಆದರೆ ಆ ವಿದ್ಯೆಯಿಂದ ದಶರಥನ ಬಾಣ ನಾಟಿದ್ದು ಆನೆಗಲ್ಲ, ನೀರು ತುಂಬುತ್ತಿದ್ದ ಹುಡುಗನಿಗೆ. ಇನ್ನು ಕಾನೂನಿನ ಮಾತು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಅನುಮತಿ ಇರುವ ಜಾಗ, ಕಾಲ, ಪ್ರಾಣಿ, ಸಂಖ್ಯೆ, ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಕಳ್ಳತನ.

ಇಷ್ಟೆಲ್ಲ ಬುದ್ಧಿ ಹೇಳುತ್ತಿರುವವನು ಎಲ್ಲಿ ಕಲಿತ ಅಂತ ಕೇಳು. ನನ್ನ ಮೂರನೇ ವರ್ಷ. ಬೆಳಕು ಹೋಗುತ್ತಿದ್ದ ಸಂಜೆ. ಜಿಂಕೆ ಮೂವತ್ತು ಹೆಜ್ಜೆ ದೂರ ಇತ್ತು. ಹದಿನೈದರ ಒಳಗೆ ಬರದಿದ್ದರೆ ಬಿಡುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಎರಡು ವಾರ ಬರಿಗೈಯಲ್ಲಿ ಬಂದಿದ್ದೆ, ಬಿಟ್ಟುಬಿಟ್ಟೆ. ಒದ್ದೆ ತಮಟೆ ಬಡಿದ ಹಾಗೆ ದಪ್ ಅಂತ ಸದ್ದು. ಜಿಂಕೆ ನೆಗೆಯಲಿಲ್ಲ. ಬೆನ್ನು ಗೂನು ಮಾಡಿಕೊಂಡು ಮೆಲ್ಲಗೆ ನಡೆದು ಹೋಯಿತು. ಹೋಗಿ ನೋಡಿದರೆ ಬಾಣದ ಮೇಲೆ ಹಸಿರು ಲೋಳೆ, ಕೆಟ್ಟ ವಾಸನೆ. ಹೊಟ್ಟೆ.

ತಿಳಿ ಕೆಂಪು, ನೊರೆ ನೊರೆಯಾದ ರಕ್ತ ಕಂಡರೆ ಶ್ವಾಸಕೋಶ. ಅರ್ಧ ಗಂಟೆ ಕಾದು ಹೋದರೆ ಹತ್ತಿರದಲ್ಲೇ ಸಿಗುತ್ತೆ. ಕಪ್ಪು ಕೆಂಪಾದರೆ ಲಿವರ್, ಮೂರು ನಾಲ್ಕು ಗಂಟೆಯಾದರೂ ಕಾಯಬೇಕು. ಹಸಿರು ಕಂಡರೆ ಎಂಟು ಗಂಟೆ, ಸಂಜೆಯಾದರೆ ಬೆಳಗ್ಗೆವರೆಗೆ. ಗಾಯಗೊಂಡ ಜಿಂಕೆ ಯಾರೂ ಅಟ್ಟದಿದ್ದರೆ ಹತ್ತಿರದಲ್ಲೇ ಮಲಗುತ್ತೆ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಮೋಡ ಕವಿದಿತ್ತು, ಮಳೆ ಬಂದರೆ ರಕ್ತದ ಜಾಡು ತೊಳೆದು ಹೋಗುತ್ತೆ ಅಂತ ಹೆದರಿ ಒಂದು ಗಂಟೆಗೇ ಟಾರ್ಚ್ ಹಿಡಿದು ಹೊರಟೆ. ನೂರು ಹೆಜ್ಜೆಯ ಆಚೆ ಅದು ಮಲಗಿತ್ತು. ನನ್ನ ಬೆಳಕಿಗೆ ಎದ್ದು ಹೋಯಿತು. ಹುಲ್ಲು ಒತ್ತಿದ ಜಾಗ ಮುಟ್ಟಿದೆ, ಇನ್ನೂ ಬೆಚ್ಚಗಿತ್ತು. ಆ ರಾತ್ರಿ ಮಳೆ ಬರಲೇ ಇಲ್ಲ. ಮರುದಿನ, ಅದರ ಮರುದಿನ ಹುಡುಕಿದೆ. ಸಿಗಲಿಲ್ಲ.

ನನ್ನ ಪರವಾನಗಿಗೆ ಒಂದೇ ಜಿಂಕೆ. ಸಿಗದಿದ್ದರೂ ಅದನ್ನು ಕೊಂದವನು ನಾನೇ ಅಂತ ಚೀಟಿಯಲ್ಲಿ ಗುರುತು ಹಾಕಿ, ಹೆದೆ ಇಳಿಸಿ, ಆ ವರ್ಷಕ್ಕೆ ಬಿಲ್ಲು ಒಳಗಿಟ್ಟೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಮಾಡದಿದ್ದರೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ. ಮಾಡಿದ ಮೇಲೂ ಅಷ್ಟೇನೂ ಬರಲಿಲ್ಲ.

ಮುಂದಿನ ವರ್ಷ ಒಂದು ಸಿಕ್ಕಿತು. ಹನ್ನೆರಡು ಹೆಜ್ಜೆಯಲ್ಲಿ. ಓಡಿ ಹೋಗಿ ಫೋಟೋ ತೆಗೆಯಬೇಕು ಅನ್ನಿಸಲಿಲ್ಲ, ಹತ್ತಿರ ಕೂತೆ. ಮೂಗಿನ ಮೇಲಿನ ರಕ್ತ ಒರೆಸಿ, ನಾಲಗೆ ಒಳಗಿಟ್ಟು ಬಾಯಿ ಮುಚ್ಚಿದೆ. ನೀನೂ ಫೋಟೋ ತೆಗೆಯುವುದಾದರೆ ಮೊದಲು ಅಷ್ಟು ಮಾಡು, ಮೇಲೆ ಹತ್ತಿ ಕೂರಬೇಡ. ಆಮೇಲೆ ತಡ ಮಾಡುವ ಹಾಗಿಲ್ಲ. ಒಳಗಿನ ಬಿಸಿಗೆ ಮಾಂಸ ಕೆಡುತ್ತೆ. ಬೇಗ ಕರುಳು ತೆಗೆದು ತಣಿಸಬೇಕು. ಅಲ್ಲಿ ಸೋಮಾರಿತನ ಮಾಡಿದವನು ಬಾಣ ಬಿಡುವಾಗ ಎಷ್ಟು ಚೆನ್ನಾಗಿ ಬಿಟ್ಟಿದ್ದರೂ ಏನು ಬಂತು? ಬೆನ್ನುಮೂಳೆಯ ಉದ್ದಕ್ಕೂ ಬಿಳಿ ನಾರಿನ ಪಟ್ಟಿ ಇರುತ್ತೆ, ಅದನ್ನು ಬಿಸಾಡಬೇಡ. ಒಣಗಿಸಿ ಜಜ್ಜಿದರೆ ಎಳೆ ಎಳೆಯಾಗಿ ಬಿಡುತ್ತೆ. ಬಾಯಲ್ಲಿ ನೆನೆಸಿ ಸುತ್ತಿದರೆ ತಾನೇ ಅಂಟಿ, ಒಣಗುತ್ತಾ ಬಿಗಿಯುತ್ತೆ.

ಈ ಪತ್ರದ ಜೊತೆ ಒಂದು ಬಾಣ ಕಳಿಸುತ್ತಿದ್ದೇನೆ. ಗರಿಯ ಬುಡದಲ್ಲಿ ಸುತ್ತಿರುವುದು ಆ ಜಿಂಕೆಯ ನಾರು. ಅದಕ್ಕೆ ಅಲಗು ಹಾಕಿಲ್ಲ, ಮೊಂಡು ಮೊನೆಯೇ ಇದೆ. ಹೊಸ ಬಿಲ್ಲು ಬಂದ ಮೇಲೆ ದಿನಾ ಬೆಳಗ್ಗೆ ಎದ್ದ ಕೂಡಲೇ, ಕೈ ಕಾಲು ಬೆಚ್ಚಗಾಗುವ ಮುಂಚೆ, ಹದಿನೈದು ಹೆಜ್ಜೆಯಿಂದ ಅದೊಂದನ್ನೇ ಬಿಡು. ಆಮೇಲೆ ಬೇಕಾದಷ್ಟು ಅಭ್ಯಾಸ ಮಾಡು, ಅದರ ಲೆಕ್ಕ ನನಗೆ ಬೇಡ. ಆ ಮೊದಲನೆಯದು ಎಲ್ಲಿ ನಾಟಿತು ಅಂತ ಮಾತ್ರ ಬರೆದಿಡು. ಎರಡು ತಿಂಗಳಾದ ಮೇಲೆ ಆ ಪುಸ್ತಕ ತಗೊಂಡು ಬಾ. ಈ ವರ್ಷ ಹೊರಡುವುದೋ ಬೇಡವೋ ಅಂತ ಇಬ್ಬರೂ ಕೂತು ನೋಡೋಣ.

ನಿನ್ನ ಗೆಳೆಯ