ಆಷಾಢಕ್ಕೆ ಮುನ್ನ

ಏಪ್ರಿಲ್‌ನಿಂದ ಈಚೆಗೆ ನಿಮ್ಮ ಪತ್ರಗಳಿಗೂ ಕರೆಗಳಿಗೂ ನಾನು ಉತ್ತರಿಸಿಲ್ಲ. ಕೋಪ ಬಂದಿದ್ದರೆ ನ್ಯಾಯವೇ. ಮೈಸೂರು, ಶಿವಮೊಗ್ಗ, ಧಾರವಾಡ ಎಂದು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಯೂನಿಕೋಡ್ ವ್ಯವಸ್ಥೆಯ ಕಾರ್ಯಾಗಾರಗಳ ಹಿಂದೆ ಸುತ್ತುತ್ತಿರುವಾಗಲೇ ಮನೆ ಬದಲಿಸಬೇಕಾಯಿತು. ಏಕೆಂಬ ಕಥೆ ಇಲ್ಲಿ ಬೇಡ. ಆಷಾಢ ಹಿಡಿಯುವುದರೊಳಗೆ ಹೊಸ ಮನೆಯಲ್ಲಿ ಹಾಲು ಉಕ್ಕಬೇಕೆಂದು ಅಮ್ಮ ಪಟ್ಟು ಹಿಡಿದರು. ಎಲ್ಲವೂ ಮೇ ತಿಂಗಳ ತಲೆಯ ಮೇಲೆಯೇ ಬಂದು ಬಿತ್ತು.

ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಹೊಂದಿಸಿಕೊಟ್ಟ ಗೆಳೆಯರಿಗೆ, ಧಾರವಾಡದಲ್ಲಿ ನನ್ನ ಬದಲು ಇಡೀ ದಿನ ಪಾಠ ಹೇಳಿದ ಹುಡುಗಿಗೆ, ಹಳೆಯ ‘ನುಡಿ’ ತಂತ್ರಾಂಶದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಎಡವಟ್ಟಾದ ಅರ್ಕಾವತ್ತುಗಳನ್ನು ಒಂದೊಂದಾಗಿ ತಿದ್ದಿದವರಿಗೆ, ಬೀರು ಹೊತ್ತ ಭಾವನಿಗೆ (ಸೊಂಟ ಈಗ ಹೇಗಿದೆ?) ನಮಸ್ಕಾರ.

ಹಳೆಯ ಮನೆಯ ಕೆಳಗಿದ್ದ ಹಿರಿಯರ ಋಣ ಒಂದು ಸಾಲಿಗೆ ಮುಗಿಯುವುದಲ್ಲ. ಆರು ವರ್ಷ ಅವರ ತಲೆಯ ಮೇಲೆ ಓಡಾಡಿದ್ದೇನೆ. ನಮ್ಮ ಮಾತು ಮಾತ್ರ ನೀರಿನ ಮೋಟಾರು ದಾಟಿ ಹೋಗಿರಲಿಲ್ಲ. ಸಾಮಾನು ಹೊರಡುವ ಹಿಂದಿನ ರಾತ್ರಿ ಬೆಂಗಳೂರಿನ ಮೇ ಮಳೆ ಸುರಿಯಿತು. ಕರೆಂಟು ಹೋಯಿತು. ಮೆಟ್ಟಿಲ ಕೆಳಗೆ ಜೋಡಿಸಿದ್ದ ನಾಲ್ಕು ಪೆಟ್ಟಿಗೆಗಳು ನೀರಿನಲ್ಲಿ ನಿಂತಿದ್ದವು: ಮೂರರಲ್ಲಿ ಪುಸ್ತಕ, ಒಂದರಲ್ಲಿ ಅಪ್ಪನ ದಿನಚರಿಗಳು.

ಟಾರ್ಚ್ ಹಿಡಿದು ಹೊರಬಂದ ಅವರು ಏನೂ ಕೇಳದೆ ಪೆಟ್ಟಿಗೆಗಳನ್ನು ತಮ್ಮ ನಡುಮನೆಗೆ ಎಳೆದುಕೊಂಡರು. ನಾನು ಹಾಳೆ ಬಿಡಿಸಲು ಹೋದಾಗ ಕೈ ಮೇಲೆ ಮೆಲ್ಲಗೆ ಹೊಡೆದರು. ‘ಒದ್ದೆಯಲ್ಲಿ ಬಿಡಿಸಿದರೆ ಹರಿಯುತ್ತದೆ. ಮೊದಲು ನೀರು ಇಳಿಯಲಿ.’ ಪುಸ್ತಕಗಳನ್ನು ನಿಲ್ಲಿಸಿ, ಪುಟಗಳ ನಡುವೆ ಹಳೆಯ ಪತ್ರಿಕೆ ಸೇರಿಸಿ, ತೇವ ಹೀರಿದ್ದನ್ನು ತೆಗೆದು ಬೇರೆಯದು ಇಡುತ್ತ ರಾತ್ರಿಯೆಲ್ಲ ಕುಳಿತರು. ಬೆಳಗಾದ ಮೇಲೂ ಬಿಸಿಲಿಗೆ ಹಾಕಬಾರದು, ರಟ್ಟು ಸೊಟ್ಟಗಾಗುತ್ತದೆ ಎಂದರು.

ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದೆ. ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರಂತೆ. ಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂದ ಮೇಲೆ ಮೊಳೆಗಳು ಸೀಸದ ತೂಕಕ್ಕೆ ಹೋದವು, ಇವರು ಮನೆಗೆ ಬಂದರು. ನುಡಿಯಲ್ಲಿ ಅಕ್ಷರದ ನಂತರ ಕೂರುವ ಅರ್ಕಾವತ್ತು ಯೂನಿಕೋಡಿನಲ್ಲಿ ಅದಕ್ಕಿಂತ ಮೊದಲು ಬರಬೇಕು, ಅಲ್ಲೇ ಎಲ್ಲ ತೊಂದರೆ ಎಂದು ನಾನು ನನ್ನ ಪಾಠ ತೆಗೆದೆ. ‘ನಾವೂ ಅಕ್ಷರ ಇಟ್ಟ ಮೇಲೆಯೇ ಅದನ್ನು ಇಡುತ್ತಿದ್ದೆವು’ ಎಂದು ನಕ್ಕರು. ನಾನು ಊರೂರಿಗೆ ಹೋಗಿ ದೋಷವೆಂದು ಕಲಿಸುತ್ತಿದ್ದುದು ಈ ಕೈಗಳ ಅಭ್ಯಾಸವಾಗಿತ್ತು.

ಅಪ್ಪನ ಪೆಟ್ಟಿಗೆಯನ್ನು ಕೊನೆಗೆ ತೆರೆದೆವು. ನಾನು ಹುಟ್ಟಿದ ವರ್ಷದ ದಿನಚರಿ ಶಾಯಿಯಲ್ಲಿ ಬರೆದದ್ದು; ಪುಟದ ಮೇಲೆ ಪುಟ ಬರೀ ನೀಲಿ. ಒಂದು ಹೆಸರೂ ಓದಲು ಬರಲಿಲ್ಲ. ಅಪ್ಪ ತೀರಿಕೊಂಡಾಗಲೂ ನಾನು ಹಾಗೆ ಅತ್ತಿರಲಿಲ್ಲ. ಅವರು ಸಮಾಧಾನ ಹೇಳಲಿಲ್ಲ. ಕಾಫಿ ಕಾಸಿ ತಂದರು. ಆಮೇಲೆ ಪೆನ್ಸಿಲಿನಲ್ಲಿ ಬರೆದ ಪುಟಗಳನ್ನೆಲ್ಲ ಬೇರೆ ಮಾಡಿ ನನ್ನ ಮುಂದಿಟ್ಟರು. ಹಾಲಿನ ಲೆಕ್ಕ, ಬಸ್ಸಿನ ಸಮಯ, ನನ್ನ ಲಸಿಕೆಯ ದಿನ. ಒಂದೂ ಅಳಿಸಿರಲಿಲ್ಲ.

ಹೊಸ ಮನೆಯಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಪುಸ್ತಕಗಳು ಸ್ವಲ್ಪ ಉಬ್ಬಿಕೊಂಡೇ ಕಪಾಟು ಸೇರಿವೆ. ಬಾಕಿ ಉತ್ತರಗಳನ್ನು ಈ ವಾರದಿಂದ ಬರೆಯುತ್ತೇನೆ. ಆ ಹಿರಿಯರು ಪರದೆಯ ಮೇಲೆ ಓದುವುದಿಲ್ಲ. ಇದನ್ನು ಅಚ್ಚು ಹಾಕಿಸಿ ಭಾನುವಾರ ಒಯ್ದು ಕೊಡುತ್ತೇನೆ. ಮೊದಲು ಕಾಗುಣಿತ ನೋಡುತ್ತಾರೆ, ಆಮೇಲೆ ವಿಷಯ.