ತುಪ್ಪದ ಕಾಯಿ ಕೊಬ್ಬರಿಯಲ್ಲ: ಇರುಮುಡಿಯನ್ನು ಕೌಂಟರಿನಲ್ಲೇ ಬಿಚ್ಚಿಸಿದ ಬಗ್ಗೆ ದೂರು

ಇವರಿಗೆ,
ನೋಡಲ್ ಅಧಿಕಾರಿಗಳು,
ವಿಮಾನಯಾನ ಸಂಸ್ಥೆಯ ಪ್ರಯಾಣಿಕರ ಕುಂದುಕೊರತೆ ವಿಭಾಗ

ವಿಷಯ: ಡಿಸೆಂಬರ್ 2024ರಲ್ಲಿ ಬೆಂಗಳೂರಿನಿಂದ ಕೊಚ್ಚಿಗೆ ವಿಮಾನದಲ್ಲಿ ಹೊರಟ ಶಬರಿಮಲೆ ಯಾತ್ರಿಗಳ ಇರುಮುಡಿಯನ್ನು (ತುಪ್ಪ ತುಂಬಿದ ಕಾಯಿ, ಅಕ್ಕಿ ಇತ್ಯಾದಿ ಕಟ್ಟಿ ತಲೆಯ ಮೇಲೆ ಹೊರುವ ಗಂಟನ್ನು) ನಿಯಮ ಮೀರಿ ಬಿಚ್ಚಿಸಿದ್ದು.

ಮಾನ್ಯರೇ,

ನಿಮ್ಮ ಸಹಾಯವಾಣಿಗೆ ಮಾಡಿದ ಕರೆಗಳಿಗೆಲ್ಲ “ಸಂಬಂಧಪಟ್ಟವರಿಗೆ ತಿಳಿಸುತ್ತೇವೆ” ಎಂಬ ಒಂದೇ ಉತ್ತರ ಸಿಕ್ಕಿದೆ. ಇಮೇಲಿಗೆ ಬಂದದ್ದು ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಅಚ್ಚು ಹಾಕಿದ ಸಾಲು. ಆದ್ದರಿಂದ ಈ ಪತ್ರ. ಟಿಕೆಟ್, ಬೋರ್ಡಿಂಗ್ ಪಾಸ್ ಮತ್ತು ಹಾಳಾದ ಕಾಯಿಗಳ ಫೋಟೊ ಲಗತ್ತಿಸಿದ್ದೇವೆ.

ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಶಬರಿಮಲೆ ಯಾತ್ರಿಗಳು ಇರುಮುಡಿಯ ತೆಂಗಿನಕಾಯಿಯನ್ನು ಕ್ಯಾಬಿನ್ ಬ್ಯಾಗಿನಲ್ಲಿ ಒಯ್ಯಬಹುದು ಎಂದು ನಾಗರಿಕ ವಿಮಾನಯಾನ ಸಚಿವಾಲಯ 2024ರ ಅಕ್ಟೋಬರಿನಲ್ಲೇ ಪ್ರಕಟಿಸಿತು. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ (ಬಿಸಿಎಎಸ್) ಕೊಟ್ಟ ಈ ಸಡಿಲಿಕೆ 2025ರ ಜನವರಿ 20ರವರೆಗಿನದು. ಷರತ್ತು ಮೂರು: ಎಕ್ಸ್‌ರೇ, ಸ್ಫೋಟಕದ ಕಣ ಪತ್ತೆಹಚ್ಚುವ ಇಟಿಡಿ ಪರೀಕ್ಷೆ, ಕೈಯಿಂದ ತಪಾಸಣೆ. ಈ ಮೂರೂ ನಡೆಯುವುದು ಭದ್ರತಾ ತಪಾಸಣೆಯ ಜಾಗದಲ್ಲಿ, ಕೇಂದ್ರ ಕೈಗಾರಿಕಾ ಭದ್ರತಾ ಪಡೆಯಾದ ಸಿಐಎಸ್‌ಎಫ್ ಸಿಬ್ಬಂದಿಯ ಕೈಯಲ್ಲಿ. ಬ್ಯಾಗೇಜ್ ಕೌಂಟರಿನಲ್ಲಿ ಅಲ್ಲ. ಒಂದು ಪರೀಕ್ಷೆಯೂ ನಡೆಯುವ ಮೊದಲೇ ನಿಮ್ಮ ಕೌಂಟರು ತೀರ್ಪು ಕೊಟ್ಟುಬಿಟ್ಟಿತು. ನಮ್ಮ ದೂರು ಇಷ್ಟೇ, ಆದರೆ ಇದು ಸಣ್ಣದಲ್ಲ.

ಅಂದು ಆದದ್ದನ್ನು ಮಾತು ಮಾತಾಗಿ ಬರೆಯುತ್ತೇವೆ, ಏಕೆಂದರೆ ನಿಮ್ಮವರು ಫೋನಿನಲ್ಲಿ “ಹಾಗೆ ನಡೆದಿರಲಿಕ್ಕಿಲ್ಲ” ಎಂದಿದ್ದಾರೆ. ಮುಡಿ ತಲೆಯ ಮೇಲಿದ್ದ, ತಂಡವನ್ನು ಮುನ್ನಡೆಸುವ ನಮ್ಮ ಗುರುಸ್ವಾಮಿಗಳು ವಯಸ್ಸಾದವರು. ಕೌಂಟರಿನಲ್ಲಿದ್ದ ನಿಮ್ಮ ಸಿಬ್ಬಂದಿ ಅವರನ್ನು ಕೇಳಿದರು:

“ಅಂಕಲ್, ಇದರಲ್ಲಿ ಕೊಕೊನಟ್ ಇದೆಯಾ?”

“ಇದೆ ಸ್ವಾಮಿ. ತುಪ್ಪದ ಕಾಯಿ.”

“ಕೊಕೊನಟ್ ಅಲೌಡ್ ಇಲ್ಲ. ತೆಗೆದು ಪಕ್ಕಕ್ಕಿಡಿ.”

ಗುರುಸ್ವಾಮಿಗಳು ಸಚಿವಾಲಯದ ಪ್ರಕಟಣೆಯ ಪ್ರತಿ ಮುಂದೆ ಹಿಡಿದರು. ನಿಮ್ಮ ಸಿಬ್ಬಂದಿ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. “ವಾಟ್ಸಾಪ್ ಫಾರ್ವರ್ಡ್ ಎಲ್ಲಾ ಇಲ್ಲಿ ನಡೆಯಲ್ಲ” ಎಂದು, ನಿಷೇಧಿತ ವಸ್ತುಗಳ ಫಲಕದಲ್ಲಿದ್ದ ಒಣ ಕೊಬ್ಬರಿಯ ಚಿತ್ರದ ಮೇಲೆ ಪೆನ್ನಿನಿಂದ ಕುಟ್ಟಿದರು.

“ಅದು ಕೊಬ್ಬರಿ ತಾಯಿ. ಇದು ಹಸಿ ಕಾಯಿ.”

“ಎರಡೂ ಒಂದೇ ಅಲ್ವಾ? ಒಳಗೆ ಎಣ್ಣೆನೇ ತಾನೇ?”

ನಮ್ಮನ್ನು ಸೆಕ್ಯುರಿಟಿಗೆ ಹೋಗಲು ಬಿಡಿ, ಅವರು ಬೇಡವೆಂದರೆ ವಾಪಸ್ ಬಂದು ಕೊಡುತ್ತೇವೆ ಎಂದು ಬೇಡಿಕೊಂಡೆವು. ಆಗ ಬಂದ ನಿಮ್ಮ ಮೇಲ್ವಿಚಾರಕರು ಹೇಳಿದ ಮಾತು ಇದು: “ಹಸಿ ಅಂತ ನಾನು ಹೇಗೆ ನಂಬಲಿ? ಒಡೆದು ತೋರಿಸಿ.” ಸಾಲಿನಲ್ಲಿ ಯಾರೋ ನಕ್ಕರು. “ಟೈಮ್ ಇಲ್ಲ, ಬೆಲ್ಟ್ ಮೇಲೆ ಬಿಚ್ಚಿ” ಎಂಬುದು ಮುಂದಿನ ಅಪ್ಪಣೆ. ವ್ರತ ಹಿಡಿದು, ಪೂಜೆ ಮಾಡಿ ಕಟ್ಟಿದ ಮುಡಿಯನ್ನು ನೆಲಕ್ಕೂ ತಾಗಿಸುವುದಿಲ್ಲ. ಅದು ಇಲ್ಲದೆ ಹದಿನೆಂಟು ಮೆಟ್ಟಿಲು ಹತ್ತುವಂತಿಲ್ಲ. ಅದನ್ನು ಸೂಟ್‌ಕೇಸ್ ಚಕ್ರಗಳು ಉರುಳುವ ಕಪ್ಪು ಬೆಲ್ಟಿನ ಮೇಲೆ ಗುರುಸ್ವಾಮಿಗಳೇ ನಡುಗುವ ಕೈಯಿಂದ ಬಿಚ್ಚಿದರು. ಅಕ್ಕಿ ಚೆಲ್ಲಿತು. ನಿಮ್ಮ ಸಿಬ್ಬಂದಿ ಅದನ್ನು ಟಿಶ್ಯೂ ಕಾಗದದಿಂದ ಕೆಳಕ್ಕೆ ಗುಡಿಸಿದರು.

ನಿಮ್ಮ ಸಿಬ್ಬಂದಿಗೆ ಯಾರೂ ಹೇಳಿಕೊಡದಿರುವುದನ್ನು ನಾವೇ ಬರೆಯುತ್ತೇವೆ. ಒಣ ಕೊಬ್ಬರಿ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯುಎನ್ 1363, ವರ್ಗ 4.2, ಅಂದರೆ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತು. ಅದರ ತೂಕದಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ಎಣ್ಣೆ. ತೇವ ತಗುಲಿದ ರಾಶಿ ಒಳಗೊಳಗೇ ಬಿಸಿಯಾಗುತ್ತದೆ. ಇಡೀ ಹಸಿ ಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದು ಆ ವರ್ಗಕ್ಕೆ ಸೇರುವುದಿಲ್ಲ. ಅಡುಗೆಮನೆಗೆ ಹೋಗಿ ಬಂದವರಿಗೆಲ್ಲ ತಿಳಿದಿರುವ ಈ ವ್ಯತ್ಯಾಸಕ್ಕೆ ಕಾಯಿ ಒಡೆಯಬೇಕಿಲ್ಲ.

ಕರ್ಪೂರದ ಬಗ್ಗೆ ನಮ್ಮ ತಕರಾರಿಲ್ಲ. ಅದು ಯುಎನ್ 2717, ವರ್ಗ 4.1, ಉರಿಯುವ ಘನವಸ್ತು. ಕರ್ಪೂರ, ಬೆಂಕಿಪೊಟ್ಟಣ ಎರಡನ್ನೂ ಮುಡಿಯಲ್ಲಿ ಇಡದೆ ದಾರಿಯಲ್ಲಿ ಕೊಳ್ಳುವಂತೆ ಎಲ್ಲರಿಗೂ ಮೊದಲೇ ಹೇಳಿದ್ದೆವು. ನಿಯಮ ಪಾಲಿಸುವವರು ನಾವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ತುಪ್ಪದ ಕಾಯಿ ಲಗೇಜಿಗೆ ಏಕೆ ಹೋಗಬಾರದು ಎಂಬುದಕ್ಕೂ ಕಾರಣವಿದೆ. ಜುಟ್ಟು, ನಾರು ಕೆರೆದು ನುಣುಪು ಮಾಡಿದ ಕಾಯಿಯ ಮೆತ್ತನೆಯ ಕಣ್ಣೊಂದನ್ನು ಚುಚ್ಚಿ ನೀರು ಬಸಿದು, ಒಳಗೆ ಆರಿದ ಮೇಲೆ ಕರಗಿಸಿದ ತುಪ್ಪ ತುಂಬುತ್ತಾರೆ. ಮೇಲೆ ಗಾಳಿ ಉಳಿಯದಂತೆ ಅಂಚಿನವರೆಗೆ ತುಂಬಬೇಕು. ಉಳಿದರೆ ಎತ್ತರದಲ್ಲಿ ಆ ಗಾಳಿ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ. ಬಿರಡೆಯ ಮೇಲೆ ಮೇಣ. ಕಣ್ಣು ಮೇಲ್ಮುಖವಾಗಿ ಕೂತು, ಕೈಯಲ್ಲೋ ಮಡಿಲಲ್ಲೋ ಇದ್ದರೆ ಇದು ಸೋರುವುದಿಲ್ಲ. ಬೆಲ್ಟಿನಿಂದ ಬಿದ್ದು, ಅಡ್ಡಲಾಗಿ ಮಲಗಿ, ವಿಮಾನ ನಿಲ್ಲುವ ಜಾಗದ ಬಿಸಿಲಿನಲ್ಲಿ ತುಪ್ಪ ಕರಗಿದರೆ ಮೇಣ ಬಿರಿಯುತ್ತದೆ. ನಿಮ್ಮವರು ರಟ್ಟಿನ ಪೆಟ್ಟಿಗೆಗೆ ಹಾಕಿಸಿ ಕಳಿಸಿದ ಕಾಯಿಗಳು ಕೊಚ್ಚಿಯ ವಿಮಾನ ನಿಲ್ದಾಣವಿರುವ ನೆಡುಂಬಾಶ್ಶೇರಿಯಲ್ಲಿ ಕೈಸೇರಿದಾಗ ಪೆಟ್ಟಿಗೆಯ ತಳ ತುಪ್ಪದಲ್ಲಿ ನೆನೆದು ಕಳಚಿತ್ತು. ಅಭಿಷೇಕಕ್ಕೆಂದು ಮನೆಯಲ್ಲಿ ತುಂಬಿದ ತುಪ್ಪ ಅದು. ಯಾತ್ರಿಗಳು ಹೊಸ ಕಾಯಿ, ತುಪ್ಪ ಕೊಂಡು ಪಂಪೆಯಲ್ಲಿ ಮತ್ತೆ ಮುಡಿ ಕಟ್ಟಿಸಿಕೊಳ್ಳಬೇಕಾಯಿತು.

ಇಡಿಯ ಕಾಯಿ ಎಕ್ಸ್‌ರೇ ಪರದೆಯಲ್ಲಿ ದಟ್ಟ ಕಿತ್ತಳೆ ಬಣ್ಣದ ಉಂಡೆಯಾಗಿ ಕಾಣುತ್ತದೆ. ಒಳಗೇನಿದೆ ಎಂದು ಅಧಿಕಾರಿಗೆ ಅನುಮಾನ ಬರುವುದು ಸಹಜ. ಅದಕ್ಕೇ ಇಟಿಡಿ, ಅದಕ್ಕೇ ಕೈ ತಪಾಸಣೆ. ಸಿಐಎಸ್‌ಎಫ್‌ನವರು ಪರೀಕ್ಷಿಸಿ ಬೇಡವೆಂದಿದ್ದರೆ ನಾವು ತಲೆಬಾಗುತ್ತಿದ್ದೆವು. ಆ ಅವಕಾಶವನ್ನೇ ನೀವು ಕಿತ್ತುಕೊಂಡಿರಿ.

ನಮ್ಮ ಬೇಡಿಕೆಗಳು ಸ್ಪಷ್ಟ. ಮಕರಜ್ಯೋತಿಯ ಯಾತ್ರೆ ಶುರುವಾಗುವ ಮೊದಲು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ನಿಮ್ಮ ಎಲ್ಲ ಕೌಂಟರುಗಳಿಗೆ ಸಡಿಲಿಕೆಯ ಪ್ರತಿಯನ್ನು ಕನ್ನಡದಲ್ಲೂ ಕಳುಹಿಸಿ. ಇರುಮುಡಿಯನ್ನು ಕೌಂಟರಿನಲ್ಲಿ ಬಿಚ್ಚಿಸುವಂತಿಲ್ಲ ಎಂದು ಬರೆದುಕೊಡಿ. ಆ ಹೊತ್ತಿನ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಯ್ದಿರಿಸುವಂತೆ ವಿಮಾನ ನಿಲ್ದಾಣಕ್ಕೆ ಇವತ್ತೇ ಬರೆಯಿರಿ. ಗುರುಸ್ವಾಮಿಗಳಲ್ಲಿ ಆ ಮೇಲ್ವಿಚಾರಕರು ಖುದ್ದಾಗಿ ಕ್ಷಮೆ ಕೇಳಬೇಕು. ಕಾಯಿ, ತುಪ್ಪದ ಹಣ ನಮಗೆ ಬೇಡ.

ಲಿಖಿತ ಉತ್ತರ ಬಾರದಿದ್ದರೆ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸುತ್ತೇವೆ, ಬಿಸಿಎಎಸ್‌ಗೂ ಪ್ರತಿ ಹೋಗುತ್ತದೆ. ಅಲ್ಲಿಗೆ ನಿಲ್ಲುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರುದಾರರು ತಮ್ಮ ಊರಿನ ಜಿಲ್ಲಾ ಆಯೋಗದಲ್ಲೇ ಮೊಕದ್ದಮೆ ಹೂಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಕಾಲಮಿತಿ 2 ವರ್ಷ. ನಮ್ಮ ತಂಡದವರು ಬೇರೆ ಬೇರೆ ಜಿಲ್ಲೆಗಳವರು. ಒಬ್ಬೊಬ್ಬರೂ ಅವರವರ ಜಿಲ್ಲೆಯಲ್ಲಿ ದಾವೆ ಹಾಕುತ್ತಾರೆ. ಪ್ರತಿಯೊಂದಕ್ಕೂ ನಿಮ್ಮ ವಕೀಲರು ಓಡಾಡಬೇಕಾಗುತ್ತದೆ.

ಇಂತಿ,
ಬೆಂಗಳೂರಿನ ಅಯ್ಯಪ್ಪ ಯಾತ್ರಾ ತಂಡವೊಂದರ ಪರವಾಗಿ